ಎಣ್ಣೆ ಕಡಿಮೆ ಮಾಡಿದರೆ ಪಾಪ್‌ಕಾರ್ನ್ ಸರಿಯಾಗಿ ಅರಳುವುದಿಲ್ಲ, ಏಕೆ?

ಪ್ರಶ್ನೆ: ಸಂಜೆ ಹೊತ್ತಿನ ಕರಿದ ತಿಂಡಿ ಬಿಟ್ಟು ಮನೆಯಲ್ಲೇ ಪಾಪ್‌ಕಾರ್ನ್ ಮಾಡಿಕೊಳ್ಳುತ್ತಿದ್ದೇವೆ. ಧಾರಾಳವಾಗಿ ಎಣ್ಣೆ ಹಾಕಿದಾಗ ಚೆನ್ನಾಗಿ ಬರುತ್ತದೆ. ಕಡಿಮೆ ಮಾಡಿದರೆ ಕಾಲುಭಾಗ ಕಾಳು ಅರಳದೆ ತಳದಲ್ಲೇ ಉಳಿಯುತ್ತದೆ, ಕೆಲವು ಸೀದು ಹೋಗುತ್ತವೆ, ಉದುರಿಸಿದ ಉಪ್ಪೂ ಹಿಡಿಯುವುದಿಲ್ಲ. ಕಡಿಮೆ ಎಣ್ಣೆಯಲ್ಲಿ, ಸಾಧ್ಯವಾದರೆ ಎಣ್ಣೆಯೇ ಇಲ್ಲದೆ, ಸರಿಯಾಗಿ ಮಾಡುವುದು ಹೇಗೆ?

ಉತ್ತರ: ಕಾಳನ್ನು ಅರಳಿಸುವುದು ಎಣ್ಣೆಯಲ್ಲ, ಕಾಳಿನ ಒಳಗಿರುವ ನೀರು. ಒಳ್ಳೆಯ ಪಾಪ್‌ಕಾರ್ನ್ ಕಾಳಿನಲ್ಲಿ ಶೇ. 13ರಿಂದ 14ರಷ್ಟು ತೇವಾಂಶ ಇರುತ್ತದೆ. ಕಾಳು ಬಿಸಿಯಾದಂತೆ ಆ ನೀರು ಹಬೆಯಾಗಲು ನೋಡುತ್ತದೆ, ಆದರೆ ಗಟ್ಟಿ ಸಿಪ್ಪೆ ಹೊರಗೆ ಬಿಡುವುದಿಲ್ಲ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಒಳಗಿನ ಒತ್ತಡ ಕಾರಿನ ಟೈರಿನಲ್ಲಿರುವುದಕ್ಕಿಂತ ನಾಲ್ಕು ಪಟ್ಟು ಆಗಿರುತ್ತದೆ. ಆಗ ಸಿಪ್ಪೆ ಒಡೆಯುತ್ತದೆ, ಬಿಸಿಗೆ ಮೆತ್ತಗಾಗಿದ್ದ ಪಿಷ್ಟ ಒಮ್ಮೆಲೇ ಉಬ್ಬಿ, ಹೊರಗಿನ ಗಾಳಿ ತಗುಲಿದ ಕೂಡಲೇ ಗಟ್ಟಿಯಾಗುತ್ತದೆ. ಹೊಲದ ಮಾಮೂಲಿ ಮೆಕ್ಕೆಜೋಳವಾಗಲಿ ಸ್ವೀಟ್ ಕಾರ್ನ್ ಆಗಲಿ ಹೀಗೆ ಅರಳುವುದಿಲ್ಲ, ಅವುಗಳ ಸಿಪ್ಪೆಗೆ ಅಷ್ಟು ಒತ್ತಡ ತಡೆಯುವ ಶಕ್ತಿಯಿಲ್ಲ. ಪಾಪ್‌ಕಾರ್ನಿನದು ಬೇರೆಯೇ ತಳಿ.

ಎಣ್ಣೆ ಮಾಡುವ ಕೆಲಸ ಎರಡೇ: ಪಾತ್ರೆಯ ಬಿಸಿಯನ್ನು ಕಾಳಿನ ಸುತ್ತ ಸಮನಾಗಿ ಮುಟ್ಟಿಸುವುದು, ಉಪ್ಪು-ಮಸಾಲೆ ಅಂಟುವಂತೆ ಮಾಡುವುದು. ಎರಡಕ್ಕೂ ಒಂದು ಟೀ ಚಮಚ ಸಾಕು. ಧಾರಾಳ ಎಣ್ಣೆಯಲ್ಲಿ ಬಿಸಿ ತಾನಾಗಿಯೇ ಹರಡುವುದರಿಂದ ಉರಿ ಹೆಚ್ಚುಕಡಿಮೆಯಾದರೂ ನಡೆದುಹೋಗುತ್ತದೆ. ಎಣ್ಣೆ ಇಳಿಸಿದಾಗ ಆ ಕೆಲಸವನ್ನು ನಮ್ಮ ಕೈ ಮಾಡಬೇಕು. ನಿಮ್ಮ ತೊಂದರೆ ಇರುವುದು ಇಲ್ಲೇ.

ಮೊದಲು ಲೆಕ್ಕ ನೋಡೋಣ. 30 ಗ್ರಾಂ ಕಾಳು, ಅಂದರೆ ಸುಮಾರು ಎರಡೂವರೆ ಟೇಬಲ್ ಚಮಚ, ಅರಳಿದರೆ ಲೀಟರ್ ಪಾತ್ರೆ ತುಂಬುತ್ತದೆ. ಇಬ್ಬರಿಗೆ ಸಾಕು. ಕಾಳಿನ ಕ್ಯಾಲೊರಿ ಸುಮಾರು 110. ಒಂದು ಟೀ ಚಮಚ ಎಣ್ಣೆಗೆ 40 ಸೇರಿದರೆ ಒಟ್ಟು 150. ಅದೇ 30 ಗ್ರಾಂ ಕಾಳಿಗೆ ಎರಡು ಟೇಬಲ್ ಚಮಚ ಎಣ್ಣೆ ಸುರಿದರೆ ಎಣ್ಣೆಯಿಂದಲೇ 240ಕ್ಕೂ ಹೆಚ್ಚು, ಕಾಳಿನದಕ್ಕಿಂತ ದುಪ್ಪಟ್ಟು! ಮೇಲೆ ಒಂದು ಟೇಬಲ್ ಚಮಚ ಬೆಣ್ಣೆ ಕರಗಿಸಿ ಹಾಕಿದರೆ ಇನ್ನೂ 100. ಪಾಪ್‌ಕಾರ್ನ್ ಹಗುರವಾದ ತಿಂಡಿಯೋ ಭಾರವಾದದ್ದೋ ಎಂಬುದು ಚಮಚದ ಮೇಲೆ ನಿಂತಿದೆ. ಬಾಟಲಿಯಿಂದ ನೇರವಾಗಿ ಸುರಿಯಬೇಡಿ, ಅಳೆದೇ ಹಾಕಿ.

ಒಂದು ಚಮಚ ಎಣ್ಣೆಯಲ್ಲಿ ಮಾಡುವ ಬಗೆ

ದಪ್ಪ ತಳದ, ಮೂರು ಲೀಟರಿನಷ್ಟು ಹಿಡಿಯುವ ಪಾತ್ರೆ ಬೇಕು. ಮೂರು ಲೀಟರಿನ ಕುಕ್ಕರ್ ಚೆನ್ನಾಗಿ ಒಗ್ಗುತ್ತದೆ, ಆದರೆ ಅದರ ಮುಚ್ಚಳ ಬೇಡವೇ ಬೇಡ. ಬೇರೊಂದು ತಟ್ಟೆ ಮುಚ್ಚಿ. ತೆಳು ಅಲ್ಯೂಮಿನಿಯಂ ಪಾತ್ರೆಯಲ್ಲಿ ಉರಿ ತಾಗುವ ಜಾಗ ಮಾತ್ರ ಕೆಂಡದಂತೆ ಕಾಯ್ದು, ಅಲ್ಲಿನ ಕಾಳು ಸೀಯುತ್ತದೆ, ಅಂಚಿನದು ಹಾಗೇ ಉಳಿಯುತ್ತದೆ.

ಒಂದು ಟೀ ಚಮಚ ಎಣ್ಣೆ ಹಾಕಿ, ಪಾತ್ರೆ ವಾಲಿಸಿ ತಳಕ್ಕೆಲ್ಲ ಹರಡಿಸಿ. ಮೂರು ಕಾಳು ಮಾತ್ರ ಹಾಕಿ ಮುಚ್ಚಿ, ಮಧ್ಯಮ ಉರಿಯಲ್ಲಿಡಿ. ಇವೇ ನಿಮ್ಮ ಥರ್ಮಾಮೀಟರ್. ಮೂರೂ ಅರಳಿದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಅವನ್ನು ತೆಗೆದು, ಉಳಿದ ಕಾಳು ಸುರಿದು ಕುಲುಕಿ, ಮುಚ್ಚಿ 30 ಸೆಕೆಂಡು ಹಾಗೇ ಬಿಡಿ. ಈ ಅರ್ಧ ನಿಮಿಷವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆದರೆ ಕಡಿಮೆ ಎಣ್ಣೆಯ ಪಾಪ್‌ಕಾರ್ನಿನ ಗುಟ್ಟೆಲ್ಲ ಇರುವುದು ಇದರಲ್ಲೇ. ಪಾತ್ರೆಯಲ್ಲಿ ಉಳಿದ ಶಾಖಕ್ಕೆ ಎಲ್ಲ ಕಾಳುಗಳೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಬರುತ್ತವೆ. ಹಾಗಾಗಿ ಮತ್ತೆ ಒಲೆಯ ಮೇಲಿಟ್ಟಾಗ ಒಟ್ಟೊಟ್ಟಿಗೆ ಅರಳುತ್ತವೆ, ಮೊದಲು ಅರಳಿದ್ದು ಕೊನೆಯದಕ್ಕಾಗಿ ಕಾಯುತ್ತಾ ಕಪ್ಪಾಗುವುದಿಲ್ಲ.

ಮತ್ತೆ ಮಧ್ಯಮ ಉರಿಯಲ್ಲಿಟ್ಟು, ದಪ್ಪ ಬಟ್ಟೆಯಿಂದ ಪಾತ್ರೆ ಹಿಡಿದು ಕೆಲವು ಸೆಕೆಂಡಿಗೊಮ್ಮೆ ಅಲುಗಾಡಿಸುತ್ತಿರಿ. ಚಟಪಟ ಸದ್ದು ಜೋರಾದಾಗ ತಟ್ಟೆಯನ್ನು ಒಂದು ಬದಿಗೆ ಬೆರಳಗಲ ಸರಿಸಿ, ಸಂದು ನಿಮ್ಮ ಮುಖದ ಕಡೆಗಿರದಂತೆ. ಪ್ರತಿ ಕಾಳೂ ಅರಳುವಾಗ ಹಬೆ ಬಿಡುತ್ತದೆ. ಅದಕ್ಕೆ ದಾರಿ ಕೊಡದಿದ್ದರೆ ಗರಿಗರಿಯಾಗಿ ಅರಳಿದ್ದೂ ತೇವ ಹೀರಿ ರಬ್ಬರಿನಂತಾಗುತ್ತದೆ. ಎರಡು ಸದ್ದುಗಳ ನಡುವೆ ಎರಡು-ಮೂರು ಸೆಕೆಂಡು ಅಂತರ ಬಂತೆಂದರೆ ಉರಿ ಆರಿಸಿ, ಕೂಡಲೇ ಅಗಲವಾದ ಪಾತ್ರೆಗೆ ಸುರುವಿಕೊಳ್ಳಿ. ಕಡೆಯ ಒಂದೆರಡು ಕಾಳಿನ ಆಸೆಗೆ ಕಾದರೆ ಎಲ್ಲಕ್ಕೂ ಸೀದ ವಾಸನೆ ಹಿಡಿಯುತ್ತದೆ.

ಕಡಿಮೆ ಎಣ್ಣೆ ಎಂದರೆ ಸಣ್ಣ ಉರಿ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನಿಧಾನಕ್ಕೆ ಕಾಯ್ದ ಕಾಳಿನ ಮೂತಿಯಿಂದ ಹಬೆ ಸ್ವಲ್ಪಸ್ವಲ್ಪವೇ ಸೋರಿಹೋಗಿ, ಒಡೆಯುವಷ್ಟು ಒತ್ತಡ ಕಟ್ಟುವುದೇ ಇಲ್ಲ. ಹಾಗೆಂದು ದೊಡ್ಡ ಉರಿಯೂ ಬೇಡ. ನಡುಭಾಗ ಕಾಯುವ ಮುನ್ನವೇ ಸಿಪ್ಪೆ ಒಡೆದು, ಒಳಗೆ ಗಟ್ಟಿಯಾಗಿ ಉಳಿದ ಸಣ್ಣ ಅರಳು ಸಿಗುತ್ತದೆ.

ಯಾವ ಎಣ್ಣೆ? ಕಾಳು ಅರಳುವ 180 ಡಿಗ್ರಿಗೆ ಮೊದಲೇ ಹೊಗೆಯಾಡುವುದು ಬೇಡ. ರಿಫೈನ್ಡ್ ಸೂರ್ಯಕಾಂತಿ ಅಥವಾ ಶೇಂಗಾ ಎಣ್ಣೆ ಆದೀತು, ತುಪ್ಪ ಇನ್ನೂ ಚೆನ್ನ. ಗಾಣದ ಎಣ್ಣೆ ಬೇರೆ ಅಡುಗೆಗೆ ಎಷ್ಟೇ ಒಳ್ಳೆಯದಾದರೂ ಇಲ್ಲಿ ಬೇಗ ಹೊಗೆಯಾಡುತ್ತದೆ. ಬೆಣ್ಣೆಯಲ್ಲಿ ಹಾಲಿನ ಅಂಶ ಉಳಿದಿರುವುದರಿಂದ 150 ಡಿಗ್ರಿ ಸುತ್ತಮುತ್ತಲೇ ಕರಕಲಾಗುತ್ತದೆ. ಕ್ಯಾಲೊರಿ ಮಟ್ಟಿಗೆ ಎಣ್ಣೆ, ತುಪ್ಪ ಎರಡೂ ಒಂದೇ.

ಎಣ್ಣೆಯೇ ಇಲ್ಲದೆ

ಮೈಕ್ರೋವೇವ್ ಇದ್ದರೆ ಇದು ಸುಲಭ. ಮೈಕ್ರೋವೇವಿಗೆ ಒಗ್ಗುವ ಆಳವಾದ ಗಾಜಿನ ಬೋಗುಣಿಯಲ್ಲಿ 30 ಗ್ರಾಂ ಕಾಳು ಹಾಕಿ, ಅಂಥದೇ ಪಿಂಗಾಣಿ ತಟ್ಟೆ ಮುಚ್ಚಿ, ಪೂರ್ತಿ ಪವರಿನಲ್ಲಿ ಇಡಿ. ಎರಡೂವರೆಯಿಂದ ನಾಲ್ಕು ನಿಮಿಷದೊಳಗೆ ಆಗುತ್ತದೆ. ಒಂದೊಂದು ಮೈಕ್ರೋವೇವಿನ ಪವರು ಒಂದೊಂದು ಬಗೆ, ಆದ್ದರಿಂದ ಗಡಿಯಾರಕ್ಕಿಂತ ಸದ್ದನ್ನೇ ನಂಬಿ. ಬೋಗುಣಿ ಬಹಳ ಕಾಯ್ದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ, ಒದ್ದೆ ಕಟ್ಟೆಯ ಮೇಲೂ ಇಡಬೇಡಿ. ಅಚ್ಚು ಹಾಕಿದ ಪೇಪರ್ ಚೀಲ, ಪಿನ್ ಹೊಡೆದ ಚೀಲ ಯಾವುದೂ ಬೇಡ.

ಒಲೆಯ ಮೇಲಾದರೆ ಕಬ್ಬಿಣದ ಬಾಣಲೆ ಅಥವಾ ದಪ್ಪ ಸ್ಟೀಲ್ ಪಾತ್ರೆ ಬಳಸಿ, ಕೈ ಬಿಡದೆ ಅಲುಗಾಡಿಸಿ. ನಾನ್‌ಸ್ಟಿಕ್ ಪಾತ್ರೆಯನ್ನು ಒಣಗಿದ್ದಂತೆಯೇ ಕಾಯಿಸಬೇಡಿ. 260 ಡಿಗ್ರಿ ದಾಟಿದರೆ ಅದರ ಲೇಪನ ಕೆಡತೊಡಗುತ್ತದೆ, ಖಾಲಿ ಪಾತ್ರೆ ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಡ. ನಮ್ಮ ಅಭಿಪ್ರಾಯ ಕೇಳಿದರೆ, ಒಲೆಯ ಮೇಲೆ ಮಾಡುವವರು ಆ 40 ಕ್ಯಾಲೊರಿ ಉಳಿಸಲು ಹೆಣಗುವುದಕ್ಕಿಂತ ಒಂದು ಚಮಚ ಎಣ್ಣೆ ಹಾಕಿಕೊಳ್ಳುವುದೇ ಲೇಸು. ರುಚಿಯೂ ಬರುತ್ತದೆ, ಸೀಯುವುದೂ ಕಡಿಮೆ.

ಉಪ್ಪು ಹಿಡಿಯದಿದ್ದರೆ

ಉಪ್ಪನ್ನು ಮಿಕ್ಸಿಯ ಸಣ್ಣ ಜಾರಿನಲ್ಲಿ ಹಿಟ್ಟಿನಂತೆ ಪುಡಿ ಮಾಡಿಟ್ಟುಕೊಳ್ಳಿ. ಹರಳುಪ್ಪು ಉರುಳಿಹೋಗುತ್ತದೆ, ನುಣ್ಣನೆಯದು ಅಂಟುತ್ತದೆ, ಕಡಿಮೆ ಹಾಕಿದರೂ ನಾಲಿಗೆಗೆ ಗೊತ್ತಾಗುತ್ತದೆ. 30 ಗ್ರಾಂ ಕಾಳಿಗೆ ಕಾಲು ಟೀ ಚಮಚ ದಾಟಬೇಡಿ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಕಾಲು ಚಮಚವೆಂದರೆ ಅದರಲ್ಲಿ ಸುಮಾರು ಕಾಲುಭಾಗ. ಅರಳು ಬಿಸಿಯಿರುವಾಗಲೇ ಉದುರಿಸಿ ಕುಲುಕಬೇಕು. ಎಣ್ಣೆಯಿಲ್ಲದೆ ಮಾಡಿದ್ದಕ್ಕೆ ಅರ್ಧ ಚಮಚ ಕರಗಿದ ತುಪ್ಪವನ್ನು ಪಾತ್ರೆಯ ಒಳಬದಿಗೆ ಸವರಿ, ಅದರಲ್ಲಿ ಅರಳು ಹಾಕಿ ಕುಲುಕಿದ ಮೇಲೆ ಉಪ್ಪು ಹಾಕಿ. ಇಪ್ಪತ್ತೇ ಕ್ಯಾಲೊರಿಯಲ್ಲಿ ಕೆಲಸ ಆಗುತ್ತದೆ.

ಕಾಳುಮೆಣಸು, ಹುರಿದ ಜೀರಿಗೆ ಪುಡಿ, ಆಮ್‌ಚೂರ್ ಚೆನ್ನಾಗಿ ಹೊಂದುತ್ತವೆ. ಅರಿಶಿನ ಹಾಕುವುದಾದರೆ ಒಂದು ಚಿಟಿಕೆಯನ್ನು ಕಾಳಿನ ಜೊತೆಗೇ ಎಣ್ಣೆಗೆ ಹಾಕಿ. ಖಾರದಪುಡಿಯನ್ನು ಮಾತ್ರ ಕೊನೆಗೆ ಹಾಕಬೇಕು, ಮೊದಲೇ ಹಾಕಿದರೆ ಸೀದು ಘಾಟು ಬರುತ್ತದೆ. ನಿಂಬೆರಸ ಹಿಂಡಬೇಡಿ, ತೇವ ತಗುಲಿದ ಅರಳು ಕ್ಷಣದಲ್ಲಿ ಕುಗ್ಗಿಹೋಗುತ್ತದೆ. ನಾಗರಪಂಚಮಿಗೆ ಉತ್ತರ ಕರ್ನಾಟಕದಲ್ಲಿ ಜೋಳದ ಅರಳಿಗೆ ಒಗ್ಗರಣೆ ಕೊಡುವವರಿಗೆ ಈ ಹದ ಗೊತ್ತಿದೆ: ಇಂಗು, ಕರಿಬೇವು, ಅರಿಶಿನ ಎಲ್ಲವೂ ಒಣಗಿ ಗರಿಗರಿಯಾದ ಮೇಲೆಯೇ ಅರಳು ಬೀಳಬೇಕು. ಪಾಪ್‌ಕಾರ್ನಿಗೂ ಅದೇ ಒಗ್ಗರಣೆ ಸೊಗಸು, ಆಗ ಮೇಲೆ ಹೇಳಿದ ಅರ್ಧ ಚಮಚ ತುಪ್ಪವನ್ನೇ ಅದಕ್ಕೆ ಬಳಸಿ.

ಎಲ್ಲ ಸರಿಯಿದ್ದೂ ಅರಳದಿದ್ದರೆ

ಆಗ ಕಾಳನ್ನೇ ಅನುಮಾನಿಸಿ. ಬಾಯಿ ತೆರೆದಿಟ್ಟ ಪೊಟ್ಟಣದ ಕಾಳು ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಣಗಿಹೋಗುತ್ತದೆ. 250 ಗ್ರಾಂ ಕಾಳನ್ನು ಬಿಗಿ ಮುಚ್ಚಳದ ಬಾಟಲಿಗೆ ಹಾಕಿ, ಒಂದೇ ಟೀ ಚಮಚ ನೀರು ಸೇರಿಸಿ, ದಿನಕ್ಕೆರಡು ಸಲ ಕುಲುಕುತ್ತಾ ಮೂರು ದಿನ ಬಿಡಿ. ನಂತರ ಹತ್ತು ಕಾಳು ಹಾಕಿ ನೋಡಿ. ಎಂಟು-ಒಂಬತ್ತು ಅರಳಿದರೆ ಕಾಳು ಸರಿಹೋಗಿದೆ ಎಂದು ತಿಳಿಯಿರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ: ಕಾಳು ತೇವ ಎಳೆದುಕೊಂಡು, ಅರಳಿದ್ದು ಸಣ್ಣದಾಗಿ, ಅಗಿಯಲು ಜಗುಟಾಗಿ ಬರುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನಿನಡಿ ಕೆಲವು ಗಂಟೆ ಬಿಟ್ಟು, ಹಾಗೆಯೇ ಹತ್ತು ಕಾಳಿನ ಪರೀಕ್ಷೆ ಮಾಡಿ. ಸಿಪ್ಪೆ ಬಿರುಕು ಬಿಟ್ಟ ಕಾಳಿಗೆ ಮಾತ್ರ ಮದ್ದಿಲ್ಲ, ಹಬೆ ನಿಲ್ಲುವುದೇ ಇಲ್ಲ.

ಅಂಗಡಿಯಲ್ಲಿ ಬರಿಯ ಕಾಳನ್ನೇ ಕೊಳ್ಳಿ. ಎಣ್ಣೆ, ಉಪ್ಪು ಬೆರೆಸಿದ ಇನ್‌ಸ್ಟಂಟ್ ಪೊಟ್ಟಣ ಕೈಗೆತ್ತಿಕೊಂಡರೆ ಹಿಂಬದಿಯಲ್ಲಿ 100 ಗ್ರಾಂಗೆ ಎಷ್ಟು ಕೊಬ್ಬು ಎಂದು ಓದಿ. ಬರಿಯ ಕಾಳಿನಲ್ಲಿ ಇರುವುದು ನಾಲ್ಕೈದು ಗ್ರಾಂ ಅಷ್ಟೇ.

ಇದು ಇಡೀ ಧಾನ್ಯ, ನಾರಿನಂಶ ಚೆನ್ನಾಗಿದೆ: 30 ಗ್ರಾಂನಲ್ಲಿ ಸುಮಾರು ನಾಲ್ಕು ಗ್ರಾಂ. ಆದರೆ ಕಾರ್ಬೋಹೈಡ್ರೇಟ್ ಕೂಡ ಇಪ್ಪತ್ತು ಗ್ರಾಂ ಮೀರುತ್ತದೆ, ಸಕ್ಕರೆ ಕಾಯಿಲೆಯವರು ಅದನ್ನು ಊಟದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ದೊಡ್ಡವರಿಗೆ ಬಡಿಸುವ ಮುನ್ನವೂ ಪಾತ್ರೆಯನ್ನು ಒಮ್ಮೆ ಜಾಲಿಸಿ, ತಳಕ್ಕಿಳಿದ ಅರಳದ ಕಾಳುಗಳನ್ನು ಆರಿಸಿ ತೆಗೆಯಿರಿ. ಹಲ್ಲು ಮುರಿಯುವುದು ಅವುಗಳಿಂದಲೇ.