ಕಲ್ಲಿನೊಳಗೆ ನೆಗೆಯುವ ಎಣ್ಣೆ

ಪೆಟ್ರೋಲಿಯಂ ಎಂದರೆ ಲ್ಯಾಟಿನ್‌ನಲ್ಲಿ ಕಲ್ಲೆಣ್ಣೆ. ಹೆಸರಿನಲ್ಲೇ ಕಲ್ಲಿದ್ದರೂ ನೆಲದಡಿ ಎಣ್ಣೆಯ ಕೆರೆಯೇ ಇದೆಯೆಂದು ನಂಬಿದವರು ಬಹಳ. ಶಾಲೆಯ ದಿನಗಳಲ್ಲಿ ನಾನೂ ನಂಬಿದ್ದೆ. ಎಣ್ಣೆ ಇರುವುದು ಮರಳುಗಲ್ಲಿನಂಥ ಶಿಲೆಗಳ ಕಣಗಳ ಸಂದಿಯಲ್ಲಿ. ಅದು ಅಲ್ಲಿಗೆ ವಲಸೆ ಬಂದದ್ದು. ಆಳದ ಜೇಡಿಶಿಲೆಯಲ್ಲಿ ಜೀವಾವಶೇಷಗಳು ಬೆಂದು ಎಣ್ಣೆಯಾಗುತ್ತವೆ. ಆ ಎಣ್ಣೆ ನೀರು ತುಂಬಿದ ಸಂದುಗಳಲ್ಲಿ ನುಸುಳುತ್ತ ಮೇಲೇರಿ, ಬಿಗಿಯಾದ ಶಿಲೆ ಅಡ್ಡ ಬಂದಲ್ಲಿ ನಿಲ್ಲುತ್ತದೆ.

ಮೇಲುಬ್ಬಿದ ಶಿಲಾಮಡಿಕೆಗಳ ನೆತ್ತಿಯಲ್ಲಿ ನೈಸರ್ಗಿಕ ಅನಿಲವನ್ನು ಹುಡುಕಬೇಕೆಂದು ಅಮೆರಿಕದ ಭೂವಿಜ್ಞಾನಿ ಐ.ಸಿ. ವೈಟ್ 1885ರಲ್ಲಿ ವಾದಿಸಿದರು. ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಹೀಗೆ ಉತ್ತರ ಸಿಗತೊಡಗಿತು. ನಡೆದ ದಾರಿ ಮಾತ್ರ ಕಾಣಲಿಲ್ಲ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಸಂದುಗಳು ಕಾಣುತ್ತವೆ. ನೇರಳಾತೀತ ಬೆಳಕಿನಲ್ಲಿ, ಹರಳುಗಳೊಳಗೆ ಸಿಕ್ಕಿಬಿದ್ದ ಎಣ್ಣೆಯ ಹನಿಗಳು ಹೊಳೆಯುತ್ತವೆ. ಆದರೆ ಅವು ಹೆಜ್ಜೆಗುರುತುಗಳಷ್ಟೇ, ನಡಿಗೆಯಲ್ಲ.

ತಿರುವು ಬಂದದ್ದು ಆಸ್ಪತ್ರೆಯಿಂದ. 1971ರಲ್ಲಿ ಲಂಡನ್‌ನಲ್ಲಿ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನರ್ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. 1980ರ ದಶಕದಲ್ಲಿ ಅಂಥದೇ ಯಂತ್ರದೊಳಗೆ ತೈಲಬಾವಿಯ ಕಲ್ಲಿನ ತುಂಡುಗಳು ಮಲಗಿದವು. ಎಕ್ಸ್-ರೇಗೆ ಎಣ್ಣೆಯೂ ನೀರೂ ಹೆಚ್ಚುಕಡಿಮೆ ಒಂದೇ ಎಂಬುದು ತೊಡಕು. ವೈದ್ಯರು ರಕ್ತನಾಳಗಳನ್ನು ನೋಡಲು ಅಯೋಡಿನ್ ಚುಚ್ಚುವಂತೆ, ಇಲ್ಲಿ ನೀರಿಗೆ ಅಯೋಡಿನ್ ಲವಣ ಬೆರೆಸಿ ವ್ಯತ್ಯಾಸ ಮೂಡಿಸಿದರು.

ಆಮೇಲೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಸಣ್ಣ ವಿವರವನ್ನೂ ತೋರಿಸುವ ಸ್ಕ್ಯಾನರುಗಳು ಬಂದವು. 2013ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಕ್ರೊಟ್ರಾನ್ ಎಂಬ, ಎಲೆಕ್ಟ್ರಾನುಗಳನ್ನು ಅತಿವೇಗದಲ್ಲಿ ಸುತ್ತಿಸುವ ಯಂತ್ರದ ಪ್ರಖರ ಎಕ್ಸ್-ರೇಯಲ್ಲಿ, ಮರಳುಗಲ್ಲಿನೊಳಗೆ ಎಣ್ಣೆ ನೀರನ್ನು ತಳ್ಳುವುದನ್ನು ನಡೆಯುತ್ತಿರುವಾಗಲೇ ಮೂರು ಆಯಾಮಗಳಲ್ಲಿ ಸೆರೆಹಿಡಿದರು. ಎಣ್ಣೆ ಒಂದೇ ಸಮನೆ ಹರಿಯಲಿಲ್ಲ. ಕಿರಿದಾದ ಕುತ್ತಿಗೆಯಲ್ಲಿ ತಡೆದು ನಿಂತು, ಒತ್ತಡ ಮಿತಿ ಮೀರಿದೊಡನೆ ಹತ್ತಿಪ್ಪತ್ತು ಸಂದುಗಳನ್ನು ಒಂದೇ ಏಟಿಗೆ ದಾಟಿತು! ಇಂಥ ನೆಗೆತವನ್ನು 1930ರಲ್ಲೇ ವಿವರಿಸಿದ್ದವರು ಮಣ್ಣಿನ ವಿಜ್ಞಾನಿ ಹೇನ್ಸ್. ಅವರ ಚಿಂತೆ ಎಣ್ಣೆಯದಲ್ಲ, ಹೊಲದ ಮಣ್ಣಿನಿಂದ ಇಳಿದುಹೋಗುವ ತೇವದ್ದು. ತೈಲ ವಿಜ್ಞಾನ ಮಣ್ಣಿನ ವಿಜ್ಞಾನಕ್ಕೆ ಇಷ್ಟು ಋಣಿಯೆಂಬುದು ನನಗಂತೂ ಖುಷಿ ಕೊಟ್ಟ ಸಂಗತಿ.

ಹಾಗೆಂದು ಎಲ್ಲವೂ ಕಂಡಂತಾಗಲಿಲ್ಲ. ಸ್ಕ್ಯಾನರಿನೊಳಗಿನ ಕಲ್ಲು ಕೆಲವೇ ಮಿಲಿಮೀಟರ್, ನೆಲದಡಿಯ ಪಯಣ ಕಿಲೋಮೀಟರುಗಟ್ಟಲೆ. ಲಕ್ಷಾಂತರ ವರ್ಷ ಎಣ್ಣೆ ತಾಗಿದ ಕಲ್ಲಿನ ಮೈ ನೀರನ್ನು ಬಿಟ್ಟು ಎಣ್ಣೆಗೇ ಅಂಟಿಕೊಳ್ಳಬಹುದು. ಆ ಹಳಮೆಯನ್ನು ತರಲು ಪ್ರಯೋಗಾಲಯಗಳಲ್ಲಿ ಕಲ್ಲನ್ನು ಬಿಸಿ ಕಚ್ಚಾ ತೈಲದಲ್ಲಿ ವಾರಗಟ್ಟಲೆ ನೆನೆಹಾಕುತ್ತಾರೆ.