ಅಸ್ಸೀರಿಯಾದ ಬಿಲ್ಲು ನಿಜಕ್ಕೂ ಅಷ್ಟು ವೇಗದ್ದೇ?

ಪ್ರಶ್ನೆ: ‘ಏಜ್ ಆಫ್ ಎಂಪೈರ್ಸ್’ ಕಂಪ್ಯೂಟರ್ ಆಟದ ಮೊದಲ ಆವೃತ್ತಿಯಲ್ಲಿ ಅಸ್ಸೀರಿಯಾದ (ಇಂದಿನ ಇರಾಕಿನ ಉತ್ತರ ಭಾಗದಲ್ಲಿದ್ದ ಪ್ರಾಚೀನ ಸಾಮ್ರಾಜ್ಯ) ಬಿಲ್ಲುಗಾರರು ಉಳಿದವರಿಗಿಂತ ಬೇಗ ಬೇಗ ಬಾಣ ಬಿಡುತ್ತಾರೆ. ಅವರ ಬಿಲ್ಲಿನಲ್ಲಿ ಅಂಥ ವಿಶೇಷ ಏನಿತ್ತು?

ಉತ್ತರ: ಬಿಲ್ಲು ಅಸಾಮಾನ್ಯವಾದದ್ದೇ. ಆದರೆ ಅದು ಅಸ್ಸೀರಿಯನ್ನರೊಬ್ಬರದೇ ಸೊತ್ತಲ್ಲ. ಹೆದೆ ಏರಿಸಿದಾಗ ನಡುವೆ ಕೋನವಾಗಿ ಮುರಿದಂತೆ ಕಾಣುವ ಇಂಥ ಬಿಲ್ಲುಗಳು ಅವರ ಸಾಮ್ರಾಜ್ಯದ ಉಚ್ಛ್ರಾಯ ಕಾಲಕ್ಕಿಂತ ಎಷ್ಟೋ ಮೊದಲಿನ ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಗೋರಿಯಲ್ಲೂ ಸಿಕ್ಕಿವೆ.

ಇದು ಒಂದೇ ಮರದ ಕೋಲಲ್ಲ. ನಡುವೆ ಮರ, ಬಿಲ್ಲುಗಾರನ ಕಡೆಗೆ ಪ್ರಾಣಿಯ ಕೊಂಬು, ಶತ್ರುವಿನ ಕಡೆಗೆ ಪ್ರಾಣಿಯ ಸ್ನಾಯುರಜ್ಜುವಿನ ನಾರು. ಮೂರನ್ನೂ ಪ್ರಾಣಿಗಳಿಂದ ತೆಗೆದ ಅಂಟು ಹಾಕಿ ಬೆಸೆಯುತ್ತಿದ್ದರು. ಎಳೆದಾಗ ಕೊಂಬು ಒತ್ತಡವನ್ನು ತಾಳುತ್ತದೆ, ನಾರು ಸೆಳೆತವನ್ನು ತಾಳುತ್ತದೆ. ಹಾಗಾಗಿ ಗಿಡ್ಡ ಬಿಲ್ಲನ್ನೂ ಮುರಿಯದಂತೆ ಬಹಳ ದೂರ ಎಳೆಯಬಹುದು. ವಿಷ್ಣುವಿನ ಬಿಲ್ಲಿಗೆ ‘ಶಾರ್ಙ್ಗ’ ಎಂಬ ಹೆಸರಿದೆಯಲ್ಲ, ಅದರರ್ಥ ಕೊಂಬಿನಿಂದ ಆದದ್ದು ಎಂದೇ. ಆದರೆ ಈ ಬಿಲ್ಲಿಗೆ ತೇವ ಆಗದು, ಅಂಟು ಸಡಿಲವಾಗುತ್ತದೆ. ಆಟದಲ್ಲಿ ಈ ಚಿಂತೆಯೇ ಇಲ್ಲ.

ವೇಗದ ಗುಟ್ಟನ್ನು ನಾನು ಬೇರೆ ಕಡೆ ಹುಡುಕುತ್ತೇನೆ. ಕ್ರಿ.ಪೂ. 701ರಲ್ಲಿ ಅಸ್ಸೀರಿಯಾದ ದೊರೆ ಸೆನ್ನಾಖೆರಿಬ್ ಯೆಹೂದ ರಾಜ್ಯದ ಲಾಖೀಷ್ ಕೋಟೆಗೆ ಮುತ್ತಿಗೆ ಹಾಕಿದ. ಆ ಮುತ್ತಿಗೆಯನ್ನು ತನ್ನ ರಾಜಧಾನಿ ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ; ಆ ಶಿಲಾಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಸ್ಸೀರಿಯಾದ ಮುತ್ತಿಗೆಯ ಚಿತ್ರಗಳಲ್ಲಿ ಬಿಲ್ಲುಗಾರನ ಪಕ್ಕದಲ್ಲಿ ಆಳೆತ್ತರದ ಗುರಾಣಿ ಹಿಡಿದವನೊಬ್ಬ ಮತ್ತೆ ಮತ್ತೆ ಕಾಣುತ್ತಾನೆ. ಗುರಾಣಿಯ ಮೇಲ್ತುದಿ ಒಳಕ್ಕೆ ಬಾಗಿದೆ, ಕೋಟೆಯ ಮೇಲಿನಿಂದ ಬೀಳುವ ಕಲ್ಲು, ಬಾಣಗಳಿಗೆ ಅದೇ ಸೂರು. ತನ್ನ ಜೀವದ ಹೊಣೆ ಇನ್ನೊಬ್ಬನ ಕೈಯಲ್ಲಿದ್ದುದರಿಂದಲೇ ಬಿಲ್ಲುಗಾರ ಎರಡೂ ಕೈಗಳನ್ನು ಬಿಲ್ಲಿಗೆ ಕೊಟ್ಟು, ಒಂದರ ಹಿಂದೊಂದು ಬಾಣ ಬಿಡಲು ಸಾಧ್ಯವಾಗುತ್ತಿತ್ತು. ಲಾಖೀಷ್‌ನ ಉತ್ಖನನದಲ್ಲಿ ನೂರಾರು ಕಬ್ಬಿಣದ ಬಾಣದ ಮೊನೆಗಳು ದೊರೆತಿವೆ.

ಕುದುರೆಯ ಮೇಲೂ ಮೊದಮೊದಲು ಹೀಗೆಯೇ ಇತ್ತು. ಕ್ರಿ.ಪೂ. ಒಂಬತ್ತನೆಯ ಶತಮಾನದ ಫಲಕಗಳಲ್ಲಿ ಇಬ್ಬರು ಸವಾರರು ಜೊತೆಯಾಗಿ ಓಡುತ್ತಾರೆ. ಒಬ್ಬ ಬಾಣ ಹೂಡುತ್ತಾನೆ, ಅವನ ಕುದುರೆಯ ಲಗಾಮನ್ನೂ ಇನ್ನೊಬ್ಬನೇ ಹಿಡಿದಿರುತ್ತಾನೆ. ಇನ್ನೂರು ವರ್ಷಗಳ ಬಳಿಕ, ಅಸ್ಸೀರಿಯಾದ ದೊರೆ ಅಶುರ್‌ಬನಿಪಾಲನ ಕಾಲದ ಕೆತ್ತನೆಗಳಲ್ಲಿ ಸವಾರ ಒಬ್ಬನೇ ಬಿಲ್ಲೆಳೆಯುತ್ತಾನೆ. ಆಟ ತಯಾರಿಸುವವರು ಬಿಲ್ಲುಗಾರನ ಪಕ್ಕದಲ್ಲಿ ಆ ಗುರಾಣಿಯವನನ್ನೂ ನಿಲ್ಲಿಸಲಿ ಎಂಬುದು ನನ್ನ ಬಹುದಿನದ ಆಸೆ.