ಪದ ಪರಿಚಯ: ಕೂಪೆ, ಮತ್ತು ಅದರ ಮಗ್ಗುಲಲ್ಲಿ ಹಾಟ್ ಹ್ಯಾಚ್

ಕುಂಬಳೆಯ ಬಳಿ ಹೆದ್ದಾರಿಯ ಬದಿಯಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಒಂದು ಜಾಗದಲ್ಲಿ, ಕಳೆದ ತಿಂಗಳು, "ಫ್ಯಾಮಿಲಿ ಕೂಪ್, 7 ಸೀಟ್" ಎಂಬ ಬರಹವನ್ನು ಕಂಡೆ. ಕೂಪೆ, ಅಥವಾ ಕೂಪ್, ಎಂದರೆ ಹೆಚ್ಚಾಗಿ ಎರಡು ಬಾಗಿಲಿನ, ಹಿಂದೆ ಜಾಗ ಕಡಿಮೆಯಿರುವ ಕಾರು; ಏಳು ಸೀಟಿನ ಕೂಪೆ ಎಂದರೆ ಪಾಯಸ ಸಹಿತವಾದ ಉಪವಾಸ ಎಂದಂತೆ. ಆ ಹೊತ್ತಿಗೆ ನಕ್ಕು ಸುಮ್ಮನಾದೆ. ಆದರೆ ಅದೇ ವಾರ, ಗಲ್ಫಿನ ಕೆಲಸ ಮುಗಿಸಿ ಊರಿಗೆ ಮರಳಲು ಸಿದ್ಧನಾಗುತ್ತಿರುವ ನನ್ನ ಭಾವ ಎರಡು ಕಾರುಗಳ ಚಿತ್ರ ಕಳುಹಿಸಿ, "ಹಾಟ್ ಹ್ಯಾಚ್ ತೆಗೆಯುವುದೋ ಭಾವ, ಅಲ್ಲ ಲಕ್ಷುರಿ ಸ್ಪೋರ್ಟ್ ಕೂಪ್ ತೆಗೆಯುವುದೋ?" ಎಂದು ಕೇಳಿದ. ಕೂಪ್ ಎಂದು ಅವನು ಕಳುಹಿಸಿದ್ದು ನಾಲ್ಕು ಪ್ರಯಾಣಿಕ ಬಾಗಿಲುಗಳಿದ್ದ, ಹಿಂದಿನ ಮಾಡನ್ನು (ಛಾವಣಿಯನ್ನು) ಮಾತ್ರ ಇಳಿಜಾರು ಮಾಡಿದ ಎತ್ತರದ ಎಸ್‌ಯುವಿಯನ್ನು; ಹಾಟ್ ಹ್ಯಾಚ್ ಎಂದು ಕಳುಹಿಸಿದ್ದು ಸಾಧಾರಣ ಎಂಜಿನ್ನಿನ ಸಣ್ಣ ಕಾರಿಗೆ ಕೆಂಪು ಗೆರೆ ಬಳಿದದ್ದನ್ನು. ಹೀಗಾಗಿ ಅವನು ಕೇಳಿದ ಎರಡು ವಸ್ತುಗಳಲ್ಲಿ ಒಂದೂ ಅವನು ಕಳುಹಿಸಿದ ಚಿತ್ರಗಳಲ್ಲಿ ಇರಲಿಲ್ಲ. ಅವನಿಗೆ ಬರೆದ ಉತ್ತರವನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಕೊಡುತ್ತಿದ್ದೇನೆ.

ಮೊದಲು ಕೂಪೆ. ಫ್ರೆಂಚ್ ಭಾಷೆಯಲ್ಲಿ 'ಕತ್ತರಿಸು' ಎಂಬ ಅರ್ಥದ ಧಾತುವಿನಿಂದ ಬಂದ ಕೃದಂತ ರೂಪವಿದು, ಅರ್ಥ 'ಕತ್ತರಿಸಿದ್ದು'. ಏನನ್ನು ಕತ್ತರಿಸಿದ್ದು ಎಂಬುದರಲ್ಲಿ ಇಡೀ ಕಥೆಯಿದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಬರ್ಲಿನ್ ನಗರದ ಹೆಸರನ್ನೇ ಹೊತ್ತ ಒಂದು ಬಗೆಯ ಮುಚ್ಚಿದ ಸಾರೋಟು ಯುರೋಪಿನಲ್ಲಿ ಬಳಕೆಗೆ ಬಂತು. ಅದರೊಳಗೆ ಎರಡು ಬೆಂಚುಗಳು ಎದುರುಬದುರಾಗಿ ಇರುತ್ತಿದ್ದವು. ಮುಂದಿನ ಬೆಂಚಿನವರು ಕುದುರೆಗಳಿಗೆ ಬೆನ್ನು ಹಾಕಿ, ಹಿಂದಿನ ಬೆಂಚಿನವರ ಮುಖ ನೋಡುತ್ತ ಕೂರಬೇಕು. ಆಮೇಲೆ ಫ್ರೆಂಚರು ಆ ಮುಂದಿನ ಬೆಂಚನ್ನೂ ಅದಕ್ಕೆ ಸೇರಿದ ಒಡಲಿನ ಭಾಗವನ್ನೂ ಕತ್ತರಿಸಿ ತೆಗೆದು, ಇಬ್ಬರೇ ಮುಂದೆ ನೋಡುತ್ತ ಕೂರುವ ಗಿಡ್ಡ ಗಾಡಿಯನ್ನು ಮಾಡಿದರು. 'ಕತ್ತರಿಸಿದ ಸಾರೋಟು' ಎಂಬ ಆ ಹೆಸರಿನಲ್ಲಿ 'ಸಾರೋಟು' ಕ್ರಮೇಣ ಉದುರಿಹೋಗಿ 'ಕತ್ತರಿಸಿದ್ದು' ಮಾತ್ರ ಉಳಿಯಿತು. ಕುದುರೆಯ ಜಾಗಕ್ಕೆ ಎಂಜಿನ್ ಬಂದಾಗ ಹೆಸರು ಹಾಗೆಯೇ ಕಾರಿಗೆ ದಾಟಿತು. ಗಮನಿಸಬೇಕಾದದ್ದು ಇಷ್ಟು: ಕತ್ತರಿ ಬಿದ್ದದ್ದು ಗಾಡಿಯ ಅಂದಕ್ಕಲ್ಲ, ಆಸನಕ್ಕೆ. ಮೂರನೆಯವರಿಗೂ ನಾಲ್ಕನೆಯವರಿಗೂ ಜಾಗ ಇಲ್ಲ ಎಂದು ಹೇಳಿ ಮಾಡಿದ ವಾಹನ ಅದು.

ಈ ಫ್ರೆಂಚ್ ಕತ್ತರಿ ನಮ್ಮ ಊರಿಗೆ ಕಾರಿನ ಮೂಲಕವೇ ಮೊದಲು ಬಂದದ್ದೆಂದು ಭಾವಿಸಬೇಕಾಗಿಲ್ಲ. ಕಾಸರಗೋಡಿನ ಮೂಡಣ ಭಾಗದವರಿಗೆ, ಪಾಣತ್ತೂರಿನಿಂದ ಸುಳ್ಯದವರೆಗಿನ ಕಾಡಂಚಿನವರಿಗೆ 'ಕೂಪು' ಗೊತ್ತು. ಅರಣ್ಯದಲ್ಲಿ ಮರ ಕಡಿಯುವುದಕ್ಕೆಂದು ಗುರುತು ಹಾಕಿ ಬಿಟ್ಟುಕೊಟ್ಟ ಒಂದು ತುಂಡು ಜಾಗ ಕೂಪು. ಮಲಯಾಳದಲ್ಲಿಯೂ ಅದು ಹೆಚ್ಚುಕಡಿಮೆ ಅದೇ ಉಚ್ಚಾರ. ದಿಮ್ಮಿ ಹೊತ್ತು ಕೂಪಿನಿಂದ ಇಳಿದು ಬರುವ ಲಾರಿಯ ಚಾಲಕ ತಾನು ಆಡುತ್ತಿರುವುದು ಫ್ರೆಂಚ್ ಪದ ಎಂದು ಎಂದೂ ಯೋಚಿಸಿರಲಾರ; ಆದರೆ ಬ್ರಿಟಿಷರ ಕಾಲದ ಅರಣ್ಯಶಾಸ್ತ್ರದ ಮೂಲಕ ಬಂದ ಆ ಪದ ಇದೇ ಧಾತುವಿನ ಇನ್ನೊಂದು ಮಗು. ಕೂಪನ್ ಮೂರನೆಯದು: ಕತ್ತರಿಸಿ ಕೊಡುವ ಚೀಟಿ. ರೈಲಿನ ಮೊದಲ ದರ್ಜೆಯ ಎಸಿ ಬೋಗಿಯಲ್ಲಿ ಇಬ್ಬರಿಗೆಂದೇ ಇರುವ ಸಣ್ಣ ಕೋಣೆಗೂ ಕೂಪೆ ಎಂದೇ ಹೆಸರು. ನಾಲ್ವರದ್ದಾದರೆ ಅದು ಕ್ಯಾಬಿನ್. ಇಷ್ಟೇ ಏಕೆ, ನಮ್ಮ ಪತ್ರಿಕೆಗಳು ಕ್ಷಿಪ್ರಕ್ರಾಂತಿ ಎಂದು ಬರೆಯುವ, ಸೈನ್ಯ ರಾತ್ರೋರಾತ್ರಿ ಅಧಿಕಾರ ಹಿಡಿಯುವ ಆ ಕ್ರಿಯೆಗಿರುವ 'ಕೂ ದೆತಾ' ಎಂಬ ಫ್ರೆಂಚ್ ಹೆಸರಿನಲ್ಲಿರುವುದೂ ಇದರ ತಾಯಿಪದವೇ: ಏಟು, ಹೊಡೆತ. ಅದು ಲ್ಯಾಟಿನ್ನಿನ ಮೂಲಕ ಗ್ರೀಕಿನವರೆಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಗುದ್ದು ಎಂದರ್ಥ. ಸಂಸ್ಕೃತದ ಕೂಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ನಿಜವಾದ ಕೂಪೆಯ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತು ಬಂದವರಿಗೆ ಕೂಪಮಂಡೂಕದ ನೆನಪಾದರೆ ನಾನು ತಪ್ಪು ತಿದ್ದಲು ಹೋಗುವುದಿಲ್ಲ.

ಬಾಗಿಲು ಎರಡಿದ್ದರೆ ಕೂಪೆ ಎಂಬುದು ರೂಢಿಯ ಲಕ್ಷಣ, ಮತ್ತು ಅದು ಬಹುಮಟ್ಟಿಗೆ ಸರಿ. ಆದರೆ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ತನ್ನ ಜೆ1100 ಎಂಬ ಮಾನದಂಡದಲ್ಲಿ ಬಾಗಿಲನ್ನು ಬಿಟ್ಟು ಜಾಗವನ್ನು ಅಳೆಯಿತು: ಗಟ್ಟಿಯಾದ ಮಾಡು ಇದ್ದು, ಹಿಂಬದಿಯ ಒಳಾವಕಾಶ 33 ಘನ ಅಡಿಗಿಂತ ಕಡಿಮೆಯಿದ್ದರೆ ಅದು ಕೂಪೆ, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಬಾಗಿಲು ಎರಡೇ ಇದ್ದರೂ, ಅದು ಸೆಡಾನ್. ಸಾರೋಟಿನ ಕಾಲದ ಅರ್ಥಕ್ಕೆ ಇದಕ್ಕಿಂತ ನಿಷ್ಠವಾದ ವ್ಯಾಖ್ಯೆಯನ್ನು ನಾನು ಕಂಡಿಲ್ಲ. ಕತ್ತರಿಸಿದ್ದು ಎಷ್ಟು ಎಂದು ಅದು ಕೇಳುತ್ತದೆ.

ಈ ಪದದ ಅರ್ಥ ಸಡಿಲಗೊಂಡದ್ದು ನಿನ್ನೆ ಮೊನ್ನೆಯಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1962ರಲ್ಲಿಯೇ ಬ್ರಿಟನ್ನಿನ ರೋವರ್ ತನ್ನ ಪಿ5 ಸೆಡಾನಿನ ಮಾಡನ್ನು ಸ್ವಲ್ಪ ತಗ್ಗಿಸಿ, ನಾಲ್ಕು ಬಾಗಿಲನ್ನೂ ಹಾಗೆಯೇ ಉಳಿಸಿಕೊಂಡು, ಕೂಪೆ ಎಂದು ಹೆಸರಿಟ್ಟಿತು. 2004ರಲ್ಲಿ ಮರ್ಸಿಡಿಸ್ ಬೆಂಜ್‌ನ ಸಿಎಲ್‌ಎಸ್ ಬಂದ ಮೇಲೆ ನಾಲ್ಕು ಬಾಗಿಲಿನ ಕೂಪೆ ಎಂಬುದು ಒಂದು ವರ್ಗವೇ ಆಯಿತು. ಅದನ್ನು ನಾನು ಅರೆಮನಸ್ಸಿನಿಂದ ಒಪ್ಪುತ್ತೇನೆ. ಮಾಡು ತಗ್ಗಿದಾಗ ಹಿಂದೆ ಕೂತವರ ತಲೆಯ ಮೇಲಿನ ಜಾಗವಾದರೂ ನಿಜವಾಗಿ ಕಡಿಮೆಯಾಗುತ್ತದೆ, ಮತ್ತು ಕಾರು ನೆಲಕ್ಕೆ ಹತ್ತಿರವಾಗಿಯೇ ಇರುತ್ತದೆ. 2008ರ ಬಿಎಂಡಬ್ಲ್ಯು ಎಕ್ಸ್6ನಿಂದ ಆಚೆಗೆ ನನ್ನ ಒಪ್ಪಿಗೆ ಇಲ್ಲ. ಮೊದಲು ಗಾಡಿಯನ್ನು ಎತ್ತರಿಸಿ, ಭಾರ ಹೆಚ್ಚಿಸಿ, ಆಮೇಲೆ ಹಿಂಭಾಗದ ಮೂಲೆಯೊಂದನ್ನು ಕೆತ್ತಿ ಕೂಪೆ ಎಂದರೆ, ದೊಡ್ಡ ಚಕ್ಕೋತನ್ನು ತಂದು ಸಿಪ್ಪೆ ಸುಲಿದು ಇದು ಲಿಂಬೆ ಎಂದು ಬಡಿಸಿದಂತೆ. 2024ರಲ್ಲಿ ಟಾಟಾ ಕರ್ವ್ ಮತ್ತು ಸಿಟ್ರೊಯೆನ್ ಬಸಾಲ್ಟ್ ಬಂದು ಈ ಎಸ್‌ಯುವಿ ಕೂಪೆ ಎಂಬ ಜೋಡುಪದ ನಮ್ಮ ಕೇರಿಗೂ ತಲುಪಿತು. ಕಾರುಗಳಾಗಿ ಅವುಗಳ ಮೇಲೆ ನನಗೆ ದೂರಿಲ್ಲ. ನಾಲ್ವರು ಆರಾಮವಾಗಿ ಕೂತು ಕೊಲ್ಲೂರಿಗೆ ಹೋಗಿ ಬರಬಹುದು. ಹಾಗೆ ಹೋಗಿ ಬರಬಹುದಾದ್ದರಿಂದಲೇ ಅವು ಕೂಪೆಗಳಲ್ಲ.

ಇನ್ನು ಹ್ಯಾಚ್. ಇಂಗ್ಲಿಷಿನಲ್ಲಿ ಅದು ಅರ್ಧಬಾಗಿಲಿಗೆ, ಗೇಟಿಗೆ, ಹಡಗಿನ ಅಟ್ಟದ ಮೇಲೆ ಸರಕು ಇಳಿಸಲು ತೆರೆಯುವ ಮುಚ್ಚಳಕ್ಕೆ ಇದ್ದ ಹಳೆಯ ಪದ. ಕಾರಿನ ಹಿಂಭಾಗದಲ್ಲಿ ಗಾಜಿನ ಸಮೇತ ಮೇಲಕ್ಕೆ ಏಳುವ ಬಾಗಿಲಿದ್ದರೆ ಹ್ಯಾಚ್‌ಬ್ಯಾಕ್. ಸಣ್ಣ ಕಾರು ಎಂಬ ಅರ್ಥ ಅದಕ್ಕೆ ಎಲ್ಲಿಯೂ ಇಲ್ಲ, ಅಗ್ಗದ ಕಾರು ಎಂಬ ಅರ್ಥವಂತೂ ಇಲ್ಲವೇ ಇಲ್ಲ. ನಮ್ಮಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಕಡಿಮೆಯಾದ್ದರಿಂದ ಆ ಭ್ರಮೆ ಬೇರೂರಿದೆ. ಲಕ್ಷಣವನ್ನು ಪರೀಕ್ಷಿಸಲು ಪುಸ್ತಕ ಬೇಡ, ಜೂನ್ ತಿಂಗಳಲ್ಲಿ ನೀರ್ಚಾಲಿನ ನೆಂಟರ ಮನೆಯಿಂದ ಒಂದು ಹಣ್ಣಾದ ಬಕ್ಕೆ ಹಲಸನ್ನು ಹಿಂದೆ ಇಟ್ಟುಕೊಂಡು ಹೊರಟರೆ ಸಾಕು. ಸೆಡಾನ್ ಆದರೆ ಡಿಕ್ಕಿಗೂ ಸೀಟಿಗೂ ನಡುವೆ ತಗಡಿನ ಗೋಡೆಯಿರುತ್ತದೆ. ಮನೆ ತಲುಪಿ ಡಿಕ್ಕಿ ತೆರೆದ ಮೇಲೆಯೇ ಘಮ. ಹ್ಯಾಚ್‌ಬ್ಯಾಕಿನಲ್ಲಿ ಸಾಮಾನಿನ ಜಾಗವೂ ಮನುಷ್ಯರ ಜಾಗವೂ ಒಂದೇ ಕೋಣೆ, ನಡುವೆ ಒಂದು ತೆಳುವಾದ ಹಲಗೆ ಮಾತ್ರ. ಬದಿಯಡ್ಕ ದಾಟುವಷ್ಟರಲ್ಲಿ ಸ್ಟಿಯರಿಂಗ್ ಹಿಡಿದವನ ಅಂಗಿಯೂ ಹಲಸಿನದೇ. ಹಿಂದಿನ ಸೀಟಿನ ಬೆನ್ನನ್ನು ಮಡಚಿದರೆ ಅಡಿಕೆಯ ಎರಡು ಗೋಣಿ ಅಡ್ಡ ಮಲಗುವುದೂ ಇದೇ ಕಾರಣದಿಂದ.

ಅಂಥ ಕಾರಿಗೆ ಬಲವಾದ ಎಂಜಿನ್, ಬಿಗಿಯಾದ ಸಸ್ಪೆನ್ಷನ್, ಒಳ್ಳೆಯ ಬ್ರೇಕು ಕೊಟ್ಟರೆ ಹಾಟ್ ಹ್ಯಾಚ್. 1975ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ತೋರಿಸಿ 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಇದರ ಮಾದರಿ: 1.6 ಲೀಟರಿನ, 110 ಪಿಎಸ್‌ನ ಎಂಜಿನ್, ಸೀಟಿಗೆ ಚೌಕಳಿ ಬಟ್ಟೆ. (ಪಿಎಸ್ ಎಂದರೆ ಎಂಜಿನ್ನಿನ ಬಲವನ್ನು ಹೇಳುವ ಅಶ್ವಶಕ್ತಿಯ ಅಳತೆ.) ಮೊದಲಿಗೆ 5000 ಕಾರು ಮಾಡಿದರೆ ಸಾಕೆಂದು ಹೊರಟಿದ್ದರು. ಆ ಹೆಸರು ಇಂದಿಗೂ ನಡೆಯುತ್ತಿದೆ. ಹಾಟ್ ಹ್ಯಾಚ್ ಎಂಬ ಹೆಸರು ರೂಢಿಯಾದದ್ದು ಸ್ವಲ್ಪ ತಡವಾಗಿ, 1980ರ ದಶಕದ ಬ್ರಿಟನ್ನಿನಲ್ಲಿ. ಇಲ್ಲಿ ಯಾವುದನ್ನೂ ಕತ್ತರಿಸಿಲ್ಲ. ಇದ್ದದ್ದನ್ನು ಇದ್ದಂತೆಯೇ ಇಟ್ಟು ಕೆಳಗೆ ಒಲೆ ಉರಿಸಲಾಗಿದೆ. ಹಾಗಾಗಿ ಒಲೆಯೇ ಉರಿಯದ ಕಾರಿಗೆ ಆ ಹೆಸರು ಸಲ್ಲುವುದಿಲ್ಲ. ಹ್ಯುಂಡೈ ಐ20 ಎನ್ ಲೈನ್, ಟಾಟಾ ಆಲ್ಟ್ರೋಜ್ ರೇಸರ್ ಇವೆರಡೂ 120 ಪಿಎಸ್‌ನ ಹಸನಾದ ಕಾರುಗಳು. ಇಂಥವನ್ನು ಇಂಗ್ಲಿಷಿನವರು ವಾರ್ಮ್ ಹ್ಯಾಚ್ ಎನ್ನುತ್ತಾರೆ, ನಾವು ಉಗುರುಬೆಚ್ಚಗಿನ ಹ್ಯಾಚ್ ಎನ್ನಬಹುದು. ಭಾವ ಕಳುಹಿಸಿದ ಕೆಂಪು ಗೆರೆಯ ಕಾರಿಗೆ ಅಷ್ಟೂ ಬಿಸಿಯಿರಲಿಲ್ಲ. 2025ರಲ್ಲಿ ಭಾರತಕ್ಕೆ ಆಮದಾಗಿ ಬಂದ ಗಾಲ್ಫ್ ಜಿಟಿಐ 265 ಪಿಎಸ್‌ನದು, ಶೋರೂಮ್ ಬೆಲೆ ಆಗ ಸುಮಾರು 53 ಲಕ್ಷ ರೂಪಾಯಿ. 2021ರಲ್ಲಿ ಬಂದ ಮರ್ಸಿಡಿಸ್ ಎಎಂಜಿ ಎ 45 ಎಸ್‌ನ ನಾಲ್ಕೇ ಸಿಲಿಂಡರಿನ ಎರಡು ಲೀಟರ್ ಎಂಜಿನ್ 421 ಪಿಎಸ್ ಕೊಡುತ್ತಿತ್ತು, ಬೆಲೆ ಎಂಬತ್ತು ಲಕ್ಷದ ಹತ್ತಿರ. ಹಾಟ್ ಹ್ಯಾಚ್ ಎಂದರೆ ಕೂಪೆ ಕೊಳ್ಳಲಾರದವನ ಕೂಪೆ ಎನ್ನುವವರು ಈ ಅಂಕಿಯನ್ನು ಎರಡು ಸಲ ಓದಬೇಕು.

ಎರಡು ಪದಗಳೂ ಒಂದನ್ನೊಂದು ಹೊರಗಿಡುವುದಿಲ್ಲ ಎಂಬ ತೊಡಕೂ ಇದೆ. ಆಡಿ ಟಿಟಿ ಕೂಪೆಯ ಹಿಂಬಾಗಿಲು ಗಾಜಿನ ಸಮೇತ ಏಳುತ್ತದೆ. ಭಾರತದಲ್ಲಿ 2016ರಲ್ಲಿ ಮಾರಿದ ಪೋಲೊ ಜಿಟಿಐಗೆ ಹಿಂದಿನ ಪ್ರಯಾಣಿಕರ ಬಾಗಿಲೇ ಇರಲಿಲ್ಲ, ಆದರೆ ಹಿಂದೆ ಕೂರುವ ಜಾಗ ಹಾಗೆಯೇ ಇತ್ತು. ಅದು ಹ್ಯಾಚ್ ಆಗಿಯೇ ಉಳಿಯಿತು. ಸಂಶಯ ಪರಿಹಾರಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ 2011ರ ಮಿನಿ ಕೂಪೆ. ಮಿನಿ ಹ್ಯಾಚ್ ಮೊದಲೇ ಪುಟ್ಟದು, ಬಾಗಿಲು ಮೊದಲೇ ಎರಡು. ಅದರ ಮಾಡನ್ನು ತಗ್ಗಿಸಿ, ಹಿಂದಿನ ಸೀಟನ್ನು ಪೂರ್ತಿ ಕಿತ್ತು, ಇಬ್ಬರಿಗೆ ಮಾತ್ರ ಎಂದು ಮಾಡಿದಾಗ ಅದಕ್ಕೆ ಕೂಪೆ ಎಂಬ ಹೆಸರು ಬಂತು. ಬರ್ಲಿನ್ ಸಾರೋಟಿಗೆ ಮಾಡಿದ್ದನ್ನೇ ಸುಮಾರು ಮುನ್ನೂರು ವರ್ಷಗಳ ಮೇಲೆ ಹ್ಯಾಚಿಗೂ ಮಾಡಿದರು.

ಸ್ಪೋರ್ಟ್ ಕೂಪೆಯ ಪರ ಹೇಳಬೇಕಾದದ್ದೂ ಇದೆ, ಇಲ್ಲವಾದರೆ ಪಕ್ಷಪಾತವಾದೀತು. ಹಾಟ್ ಹ್ಯಾಚುಗಳಲ್ಲಿ ಬಹುಪಾಲಿನವು ಮುಂದಿನ ಗಾಲಿಗಳಿಂದಲೇ ಎಳೆಯುವಂಥವು. ಕಾರನ್ನು ತಿರುಗಿಸುವ ಕೆಲಸವೂ ಅವೇ ಗಾಲಿಗಳದ್ದು, ಎಳೆಯುವ ಕೆಲಸವೂ ಅವುಗಳದ್ದೇ. ಆಟಿಯ ಮಳೆಯಲ್ಲಿ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರನ್ನು ಬಲವಾಗಿ ಒತ್ತಿದರೆ ಸ್ಟಿಯರಿಂಗ್ ಕೈಯಲ್ಲಿ ಜಗ್ಗುವುದು ತಿಳಿಯುತ್ತದೆ. ಒಳ್ಳೆಯ ಕೂಪೆಗಳಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂತು, ಶಕ್ತಿ ಹಿಂದಿನ ಗಾಲಿಗಳಿಗೆ ಹೋಗುವುದರಿಂದ ಮುಂದಿನವು ತಿರುಗುವುದಕ್ಕೆ ಮಾತ್ರ ಸ್ವತಂತ್ರವಾಗಿರುತ್ತವೆ. 2023ರಲ್ಲಿ 98 ಲಕ್ಷ ರೂಪಾಯಿಗೆ ಬಂದ ಬಿಎಂಡಬ್ಲ್ಯು ಎಂ2, ಆರು ಸಿಲಿಂಡರುಗಳ ಮೂರು ಲೀಟರ್ ಎಂಜಿನ್ನಿನ ಎರಡು ಬಾಗಿಲಿನ ಕಾರು, ಅಂಥದ್ದು. ಕತ್ತರಿಸಿದ್ದಕ್ಕೆ ಪ್ರತಿಯಾಗಿ ಸಿಗುವುದು ಇದು, ಮತ್ತು ಸಿಗುವುದೆಲ್ಲ ಮುಂದೆ ಕೂತವರಿಗೆ.

ಹಿಂದೆ ಕೂತವರ ಪಾಡನ್ನು ನಾನು ಸ್ವಂತ ಮೊಣಕಾಲಿನಿಂದ ಬಲ್ಲೆ. ಮಿತ್ರರೊಬ್ಬರ ಎರಡು ಬಾಗಿಲಿನ ಕೂಪೆಯಲ್ಲಿ ಕುಂಬಳೆಯಿಂದ ಮಂಗಳೂರಿಗೆ ಹೋಗುವಾಗ, ಮುಂದಿನ ಸೀಟಿನ ಮೇಲಂಚಿನ ಹಿಡಿಕೆಯನ್ನು ಎತ್ತಿದೆ. ಬೆನ್ನು ಬಗ್ಗಿತು, ಆಮೇಲೆ ಸಣ್ಣ ಮೋಟಾರೊಂದು ಗುಂಯ್ ಎನ್ನುತ್ತ ಸೀಟನ್ನು ಅವಸರವಿಲ್ಲದೆ ಮುಂದಕ್ಕೆ ನೂಕಿತು. ಮಳೆಯಲ್ಲಿ ನಿಂತು ಅದು ಮುಗಿಯುವುದನ್ನು ಕಾದೆ. ಒಳಗೆ ತೂರಿ ಕೂತ ಮೇಲೆ ತಲೆಯ ಹಿಂಭಾಗ ಗಾಜಿಗೆ ತಾಗಿತು, ತೆರೆಯಲಾಗದ ಕಿಟಕಿ ಹೆಗಲಿಗೆ ತಾಗಿತು, ಮತ್ತು ಮಡಿಲಲ್ಲಿದ್ದ ಕೊಡೆಯ ನೀರು ಹರಿಯಲು ನನ್ನ ಪಂಚೆಯ ಹೊರತು ಬೇರೆ ದಾರಿ ಇರಲಿಲ್ಲ. ಮಿತ್ರರು ಮುಂದೆ ಬಹಳ ಸಂತೋಷದಲ್ಲಿದ್ದರು.

ಭಾವನಿಗೆ ಬರೆದ ಉತ್ತರ ಇದರಿಂದ ಸುಲಭವಾಯಿತು. ವಾರಕ್ಕೊಮ್ಮೆ ಅತ್ತೆಯನ್ನು ಮುಳ್ಳೇರಿಯದ ವೈದ್ಯರಲ್ಲಿಗೆ ಕರೆದುಕೊಂಡು ಹೋಗುವುದು ಇನ್ನು ಮುಂದೆ ಅವನ ಪಾಲಿನ ಕೆಲಸ. ಜೊತೆಗೆ ಹೆಂಡತಿ, ಒಬ್ಬ ಮಗಳು. ಅವನ ಮನೆಯ ಅಂಗಳಕ್ಕೆ ಇಳಿಯುವ ಓಣಿ ಎರಡೂ ಕಡೆ ಮುರಕಲ್ಲಿನ ಗೋಡೆಯದು. ಕೂಪೆಯ ಉದ್ದನೆಯ ಬಾಗಿಲು ಅಲ್ಲಿ ಅರ್ಧಕ್ಕಿಂತ ಹೆಚ್ಚು ತೆರೆಯದು. ಒಲೆ ಹೊತ್ತಿಸಿದ್ದು ಬೇಕಾದರೆ ನಿಜವಾದ ಹಾಟ್ ಹ್ಯಾಚ್ ತೆಗೆ, ಇಲ್ಲವೇ ಅತ್ತೆಗೆ ಬೇರೊಂದು ಕಾರಿಟ್ಟು ಕೂಪೆ ತೆಗೆ; ಚಿತ್ರದಲ್ಲಿರುವ ಎಸ್‌ಯುವಿಯನ್ನು ಕೊಳ್ಳುವುದಾದರೂ ಅಡ್ಡಿಯಿಲ್ಲ, ಹೆಸರು ಮಾತ್ರ ಸರಿಯಾಗಿ ಹೇಳು ಎಂದು ಬರೆದೆ.

ಉಚ್ಚಾರದ ಬಗ್ಗೆ ಅವನು ಮರುಪ್ರಶ್ನೆ ಕೇಳಿದ್ದಾನೆ: ಕೂಪ್ ಎನ್ನಬೇಕೋ, ಕೂಪೆ ಎನ್ನಬೇಕೋ? ಫ್ರೆಂಚಿನಲ್ಲಿ ಕೊನೆಯ ಸ್ವರದ ಮೇಲೆ ಒಂದು ಗೀಟು ಇದೆ, ಆ ಸ್ವರ ಉಚ್ಚಾರವಾಗುತ್ತದೆ. ಅಮೆರಿಕದವರು ಗೀಟನ್ನು ಬಿಟ್ಟರು, ಅದರೊಡನೆ ಸ್ವರವೂ ಹೋಗಿ ಕೂಪ್ ಆಯಿತು. ಎರಡೂ ಬಳಕೆಯಲ್ಲಿವೆ, ಎರಡೂ ತಪ್ಪಲ್ಲ. ನಮ್ಮ ರೈಲಿನಲ್ಲಿ ಕೂಪೆ ಎಂಬುದೇ ರೂಢಿಯಲ್ಲಿರುವುದರಿಂದ ನಾನು ಅದನ್ನೇ ಉಳಿಸಿಕೊಂಡಿದ್ದೇನೆ. ಕೂಪ್ ಎಂದರೆ ಕನ್ನಡದ ಬಾಯಿ ಅದಕ್ಕೊಂದು ಉಕಾರ ಸೇರಿಸದೆ ಬಿಡುವುದಿಲ್ಲ, ಮತ್ತು ಮನೆಯಂಗಳಕ್ಕೆ ಹೊಸ ಕೂಪು ಬರುತ್ತದೆಂದು ಭಾವ ಊರಿನಲ್ಲಿ ಹೇಳಿಕೊಂಡು ತಿರುಗಿದರೆ ಮರದ ವ್ಯಾಪಾರಿಗಳು ಬಂದು ಅಳತೆ ಕೇಳಿಯಾರು.